ಭೂಗೋಳಶಾಸ್ತ್ರಜ್ಞರು ಮತ್ತು ಸೇನೆ: ‘ಮೆಕ್ಸಿಕೊ ಇಂಡಿಹೆನಾ’ ವಿವಾದ

1. ಏನು: ಅಮೆರಿಕನ್ ಜಿಯಾಗ್ರಫಿಕಲ್ ಸೊಸೈಟಿಯ ಮೊದಲ ‘ಬೋಮನ್ ಎಕ್ಸ್‌ಪೆಡಿಷನ್’. ನೇತೃತ್ವ: ಪೀಟರ್ ಹರ್ಲಿಹಿ, ಕ್ಯಾನ್ಸಸ್ ವಿಶ್ವವಿದ್ಯಾಲಯ.

2. ಎಲ್ಲಿ: ಮೆಕ್ಸಿಕೊದ ಓಹಾಕಾ ರಾಜ್ಯದ ಝಾಪೊಟೆಕ್ ಹಳ್ಳಿಗಳು. ವಿಧಾನ: ಸಹಭಾಗಿ ನಕ್ಷೆ ತಯಾರಿಕೆ.

3. ಹಣ: ಅಮೆರಿಕ ಸೇನೆಯ ಫಾರಿನ್ ಮಿಲಿಟರಿ ಸ್ಟಡೀಸ್ ಆಫೀಸ್.

4. ವಿವಾದ (2009): ಸೇನೆಯ ಹಣವೆಂದು ಹಳ್ಳಿಗರಿಗೆ ತಿಳಿಸಲಿಲ್ಲವೆಂದು ಸ್ಥಳೀಯ ಸಂಘಟನೆಯ ಆರೋಪ, ತಂಡ ಅಲ್ಲಗಳೆಯಿತು.

5. ನೈತಿಕ ತಿರುಳು (ವಿವರಣಾತ್ಮಕ ಪ್ರಶ್ನೆಗೆ ಇದೇ ಮುಖ್ಯ): ಮಾಹಿತಿಪೂರ್ವಕ ಸಮ್ಮತಿ. ಹೇಳಿಯೇ ಒಪ್ಪಿಗೆ ಪಡೆದರೂ ಪ್ರಶ್ನೆ ಮುಗಿಯದು: ಜಮೀನಿನ ನಕ್ಷೆ ಒಮ್ಮೆ ಕೈದಾಟಿದರೆ ಅದರ ಬಳಕೆ ಹಳ್ಳಿಯ ಹಿಡಿತದಲ್ಲಿರದು.

ಗೊಂದಲ ಬೇಡ:
• ಅಮೆರಿಕ ಸೇನೆಯ ಕಾರ್ಯಕ್ರಮವಾದ ಹ್ಯೂಮನ್ ಟೆರೇನ್ ಸಿಸ್ಟಮ್ ಬೇರೆ: ಇರಾಕ್, ಅಫ್ಘಾನಿಸ್ತಾನ, 2007ರಲ್ಲಿ ವಿರೋಧಿಸಿದ್ದು ಮಾನವಶಾಸ್ತ್ರಜ್ಞರ ಸಂಘ.
• ಎಕ್ಸ್‌ಪೆಡಿಷನ್‌ಗೆ ಇಟ್ಟದ್ದು ಭೂಗೋಳಶಾಸ್ತ್ರಜ್ಞ ಐಸಾಯಾ ಬೋಮನ್ ಹೆಸರು ಮಾತ್ರ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಅಮೆರಿಕದ ಸಲಹೆಗಾರ, ನಿಧನ 1950.