ಮೂರು ಊರು, ಒಂದೇ ಪಠ್ಯಕ್ರಮ: ಹೊಸ ಉಪನ್ಯಾಸಕರಿಗೆ

ನರಗುಂದದ ಪದವಿ ಕಾಲೇಜಿಗೆ ಹೊಸದಾಗಿ ಬಂದವರು ಮೊದಲು ಇದನ್ನು ಗಮನಿಸಿ: ನೀವು ಕಲಿಸುವ ಪಾಠವನ್ನೇ ರೋಣ, ಗಜೇಂದ್ರಗಡಗಳಲ್ಲೂ ಕಲಿಸುತ್ತಿದ್ದಾರೆ. ಈ ಭಾಗದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಪಠ್ಯಕ್ರಮ ಒಂದೇ, ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಒಂದೇ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಪಠ್ಯ ಬದಲಾಯಿತು, 2024-25ರಲ್ಲಿ ಮತ್ತೆ ಬದಲಾಯಿತು. ಪ್ರತಿ ಸಲವೂ ಎಲ್ಲರೂ ಬೇರೆಬೇರೆಯಾಗಿ ಟಿಪ್ಪಣಿ ಬರೆದರೆ ಒಂದೇ ಕೆಲಸಕ್ಕೆ ಮೂರು ಪಟ್ಟು ಶ್ರಮ. ವಿಷಯಕ್ಕೊಬ್ಬರೇ ಉಪನ್ಯಾಸಕರಿರುವ ಕಡೆ ಕೇಳಿ ತಿಳಿಯೋಣವೆಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹಾಗಾದರೆ ಮೂರೂ ಊರಿನವರು ಸೇರಿ ಕೆಲಸ ಮಾಡುವುದನ್ನು ಎಲ್ಲಿಂದ ಶುರು ಮಾಡುವುದು? ಒಂದು ಪಾಠದಿಂದ. ಇತಿಹಾಸದ ಉದಾಹರಣೆ ನೋಡಿ. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದದ ಕೋಟೆಯನ್ನು ಹಿಡಿಯಿತು. ಮುಂದೆ ನಡೆದ ಮರಾಠ-ಮೈಸೂರು ಯುದ್ಧಕ್ಕೆ ಅದೂ ಒಂದು ಕಾರಣ. ಆ ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಪಾಠದ ಮೊದಲರ್ಧ ನಿಮ್ಮ ಊರಿನ ಗುಡ್ಡದ ಮೇಲಿದೆ, ಉಳಿದರ್ಧ ಗಜೇಂದ್ರಗಡದಲ್ಲಿ. ನೀವು ಕೋಟೆಯ ಭಾಗ ಸಿದ್ಧಪಡಿಸಿ, ಗಜೇಂದ್ರಗಡದವರು ಒಪ್ಪಂದದ ಭಾಗ ಬರೆಯಲಿ, ರೋಣದವರು ಎರಡನ್ನೂ ಓದಿ ತಿದ್ದಿ ಪ್ರಶ್ನೆಗಳನ್ನು ತಯಾರಿಸಲಿ. ಹೀಗೆಯೇ 1858ರ ನರಗುಂದದ ಬಾಬಾಸಾಹೇಬರ ಬಂಡಾಯವನ್ನೂ 1980ರ ನರಗುಂದದ ರೈತ ಬಂಡಾಯವನ್ನೂ ಹಂಚಿಕೊಳ್ಳಬಹುದು. ಎರಡನೆಯದಕ್ಕೆ ಅರ್ಥಶಾಸ್ತ್ರದವರೂ ಬೇಕು, ಏಕೆಂದರೆ ಆ ಬಂಡಾಯಕ್ಕೆ ಕಾರಣವಾದ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು.

ಪಾಠ ಮುಗಿದ ಮೇಲೆ ಆಂತರಿಕ ಪರೀಕ್ಷೆಗೆ ಒಂದೇ ಪ್ರಶ್ನೆಪತ್ರಿಕೆ ಕೊಡಿ. ಐದಾರು ಉತ್ತರಪತ್ರಿಕೆಗಳನ್ನು ಹೆಸರು ಮುಚ್ಚಿ ಅದಲುಬದಲು ಮಾಡಿಕೊಳ್ಳಿ. ನೀವು ಎಂಟು ಕೊಟ್ಟ ಉತ್ತರಕ್ಕೆ ಇನ್ನೊಬ್ಬರು ಐದು ಕೊಟ್ಟರೆ ಬೇಸರ ಬೇಡ, ಏಕೆ ಎಂದು ಕೇಳಿ. ಒಬ್ಬರೇ ಮೌಲ್ಯಮಾಪನ ಮಾಡುವಾಗ ಕಾಣದ ಓರೆಕೋರೆ ಆಗ ಕಾಣುತ್ತದೆ.

ಮೂರು ಎಚ್ಚರಿಕೆ. ಬೇರೆ ಕಾಲೇಜಿಗೆ ಖುದ್ದು ಹೋಗುವುದಿದ್ದರೆ ಪ್ರಾಚಾರ್ಯರಿಂದ ಓಓಡಿ (ಅನ್ಯ ಕಾರ್ಯ ನಿಮಿತ್ತ) ಬರೆಸಿಕೊಳ್ಳಿ, ಉಳಿದ ಮಾತು ಫೋನಿನಲ್ಲೇ ಸಾಕು. ಟಿಪ್ಪಣಿಯ ಮೇಲೆ ಬರೆದವರೆಲ್ಲರ ಹೆಸರಿರಲಿ, ಅತಿಥಿ ಉಪನ್ಯಾಸಕರದ್ದು ಬಿಡಬೇಡಿ. ಕಡತ ವಿಭಾಗದ ಹೆಸರಿನಲ್ಲಿರಲಿ. ಒಬ್ಬರ ಮೊಬೈಲಿನಲ್ಲಿದ್ದರೆ ಅವರ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಗೆ ತೋರಿಸಲು ಕಾಲೇಜುಗಳ ನಡುವಿನ ಒಡಂಬಡಿಕೆ ಪತ್ರ ಬೇಕಾಗಬಹುದು. ಒಂದು ಸೆಮಿಸ್ಟರ್ ಜೊತೆಯಾಗಿ ಕೆಲಸ ಮಾಡಿದ ಮೇಲೆ ಅದನ್ನು ಬರೆಯಿರಿ. ಆಗ ಅದರಲ್ಲಿ ಏನು ಬರೆಯಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.