ನನ್ನ ಮೊದಲ ಬಿಲ್ಲು: ಒಂದು ಕುಟುಂಬದ ಫೋಟೊ ಕಲಿಸಿದ ಲೆಕ್ಕ

ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದರೂ ಬೆಲೆ ಹೇಳುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಕಳೆದ ರಜೆಯಲ್ಲಿ. ನಮ್ಮ ಓಣಿಯ ಖಾಲಾ ಒಬ್ಬರ ಮಗ ಕೆಲಸಕ್ಕಾಗಿ ದಮ್ಮಾಮಿಗೆ ಹೊರಟಿದ್ದರು. ಅದಕ್ಕೆ ಮೊದಲು ದಾದಿಯಿಂದ ಮೊಮ್ಮಕ್ಕಳವರೆಗೆ ಹನ್ನೊಂದು ಜನರ ಫೋಟೊ ಆಗಬೇಕಿತ್ತು. ಹೊರಗಿನ ಫೋಟೊಗ್ರಾಫರ್ ಮುಂದೆ ಕೂರಲು ಮನೆಯ ಹೆಂಗಸರು ಒಪ್ಪಲಿಲ್ಲ. ಚಾಚಾ ಕೊಟ್ಟ ಹಳೆಯ ಪೆಂಟಾಕ್ಸ್ ಕೆ1000 ಕ್ಯಾಮೆರಾದಲ್ಲಿ ನಾನು ರೀಲು ಹಾಕಿ ಫೋಟೊ ತೆಗೆಯುವುದು ಖಾಲಾಗೆ ಗೊತ್ತಿತ್ತು. (ರೀಲು ಎಂದರೆ ಮೊಬೈಲಿನ ರೀಲ್ಸ್ ಅಲ್ಲ, ಫಿಲ್ಮು!)

"ಎಷ್ಟು ಕೊಡಬೇಕು ಬೇಟಿ?" ಎಂದರು. ನಾಚಿಕೆಯಿಂದ "ಒಂದೂವರೆ ಸಾವಿರ ಕೊಡಿ ಖಾಲಾ" ಎಂದುಬಿಟ್ಟೆ. ಲೆಕ್ಕವನ್ನೇ ಹಾಕಿರಲಿಲ್ಲ.

ಯಾವ ರೀಲು?

ಹಿಂದಿನ ದಿನ ಅಸರ್ ಹೊತ್ತಿಗೆ ಅವರ ಮನೆಯ ವರಾಂಡಕ್ಕೆ ಹೋಗಿ ಬೆಳಕು ಅಳೆದೆ. ರೀಲಿನ ಮೇಲಿನ 200, 400 ಎಂಬ ಸಂಖ್ಯೆ ಬೆಳಕನ್ನು ಹಿಡಿಯುವ ಅದರ ಶಕ್ತಿಯನ್ನು ಹೇಳುತ್ತದೆ. 400ಕ್ಕೆ 200ರ ಅರ್ಧದಷ್ಟು ಬೆಳಕು ಸಾಕು. ಜನ ಎರಡು ಸಾಲಿನಲ್ಲಿ ಇರುವುದರಿಂದ ಎರಡೂ ಸಾಲು ಸ್ಪಷ್ಟವಾಗಿ ಬರಲು ಲೆನ್ಸನ್ನು ಎಫ್/8ಕ್ಕೆ ಇಡಬೇಕಿತ್ತು. ಆಗ 200ರ ರೀಲಿಗೆ ಸೆಕೆಂಡಿನ 1/60 ಭಾಗ ಬೇಕು. ಅಷ್ಟರಲ್ಲಿ ಮಕ್ಕಳು ಅಲುಗಾಡಿಬಿಡುತ್ತಾರೆ. 400 ಆದರೆ 1/125 ಸಾಕು. ಹೀಗಾಗಿ 400 ಎಂದು ತೀರ್ಮಾನಿಸಿದೆ.

ಖಾಲಾಗೆ ಬಣ್ಣದ ಫೋಟೊ ಬೇಕಿತ್ತು. ಕೊಡಕ್ ಪೋರ್ಟ್ರಾ 400ರಲ್ಲಿ ಚರ್ಮದ ಬಣ್ಣ ಮೃದುವಾಗಿ ಬರುತ್ತದೆ, ಆದರೆ ದುಬಾರಿ. ಅದಕ್ಕಿಂತ ಅಗ್ಗದ ಕೊಡಕ್ ಅಲ್ಟ್ರಾಮ್ಯಾಕ್ಸ್ 400, 36 ಫೋಟೊಗಳದ್ದು, ಎರಡು ತರಿಸಿದೆ. ಒಂದು ಬಳಸಲು, ಒಂದು ಆಪತ್ತಿಗೆ.

ಇನ್ನೊಂದು ವಿಷಯ. ಹಿಂದೆ ಬಿಳಿ ಗೋಡೆ ಇದ್ದರೆ ಕ್ಯಾಮೆರಾದ ಮೀಟರ್ ಮೋಸಹೋಗುತ್ತದೆ, ಮುಖಗಳು ಕಪ್ಪಾಗುತ್ತವೆ. ಬಣ್ಣದ ನೆಗೆಟಿವ್ ಸ್ವಲ್ಪ ಹೆಚ್ಚಿನ ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಅಷ್ಟಾಗಿ ಸಹಿಸುವುದಿಲ್ಲ. ಆದ್ದರಿಂದ ಹತ್ತಿರ ಹೋಗಿ ದಾದಿಯ ಮುಖದ ಬೆಳಕನ್ನೇ ಅಳೆದೆ.

ಎಷ್ಟು ಬೆಲೆ?

ಆ ರಾತ್ರಿ ಕುಳಿತು ಬರೆದ ಲೆಕ್ಕ ಇದು:

ರೀಲು – ರೂ. 1,200
ತೊಳೆಯುವುದು, ಸ್ಕ್ಯಾನ್ – ರೂ. 600
ಬೆಂಗಳೂರಿಗೆ ಹೋಗಿಬರುವ ಕೊರಿಯರ್ – ರೂ. 250
ಮೂರು ದೊಡ್ಡ ಪ್ರಿಂಟು – ರೂ. 360
ಕ್ಯಾಮೆರಾ ರಿಪೇರಿಯ ಪಾಲು – ರೂ. 60
ಒಟ್ಟು – ರೂ. 2,470

ಮೊದಲ ನಾಲ್ಕು ಬದಲಾಗುವ ವೆಚ್ಚ. ಐದನೆಯದು ಸ್ಥಿರ ವೆಚ್ಚ: ರಿಪೇರಿಗೆ ಕೊಟ್ಟ 1,800 ರೂಪಾಯಿಯನ್ನು 30 ರೀಲುಗಳಿಗೆ ಹಂಚಿದೆ. ಎರಡನೆಯ ರೀಲು ಇಲ್ಲಿಲ್ಲ. ಬಳಸದಿದ್ದರೆ ಅದು ಖರ್ಚಲ್ಲ, ಅಂತಿಮ ದಾಸ್ತಾನು.

ಅಬ್ಬಾ ದರ್ಜಿ. ಚೀಟಿ ನೋಡಿ ಕೇಳಿದರು: "ಬಟ್ಟೆ ಗಿರಾಕಿಯದು, ದಾರ ಹತ್ತು ರೂಪಾಯಿಯದು. ನಾನೂ ಹತ್ತೇ ರೂಪಾಯಿ ತಗೊಂಡರೆ ನಿನ್ನ ಫೀಸು ಯಾರು ಕಟ್ಟುತ್ತಾರೆ? ನಿನ್ನ ಹೊತ್ತಿಗೆ ಬೆಲೆ ಎಲ್ಲಿ?" ಆರು ಗಂಟೆಗೆ 600 ಸೇರಿಸಿದೆ. ಒಟ್ಟು ರೂ. 3,070.

"ಹಾಗಾದರೆ ಖಾಲಾಗೆ ಹೇಳಿ ಬರಲಾ?" ಎಂದೆ. "ಬೇಡ. ಜಬಾನ್ ಕೊಟ್ಟಾಗಿದೆ. ಆದರೆ ಬಿಲ್ಲು ಪೂರ್ತಿ ಬರಿ" ಎಂದರು.

ಆ ದಿನ

ಹತ್ತು ಫೋಟೊ ತೆಗೆದೆ. ದಾದಿಗೆ ಸುಸ್ತಾಗಿ ಒಳಗೆ ಹೋದರು. ಆಗ ಕಣ್ಣಿಗೆ ಬಿತ್ತು: ಲಿವರ್ ಎಳೆದರೂ ಎಡಗಡೆಯ ಗುಂಡಿ ತಿರುಗುತ್ತಿಲ್ಲ. ರೀಲಿನ ತುದಿ ಸಿಕ್ಕಿಕೊಂಡೇ ಇರಲಿಲ್ಲ, ಒಂದು ಫೋಟೊವೂ ಬಿದ್ದಿರಲಿಲ್ಲ. ಸುಳ್ಳು ಹೇಳಬಹುದಿತ್ತು. "ತಪ್ಪು ನನ್ನದು, ಇನ್ನೊಮ್ಮೆ ಕೂರಬೇಕು" ಎಂದೆ. ದಾದಿ ಮೊಮ್ಮಗನ ಕೈಹಿಡಿದು ಮತ್ತೆ ಬಂದು ಕುಳಿತರು. ಅದೇ ರೀಲನ್ನು ಸರಿಯಾಗಿ ಹಾಕಿದೆ. ಪ್ರಿಂಟಿಗೆ ಹೋದದ್ದು ಆಮೇಲೆ ತೆಗೆದ ನಾಲ್ಕನೆಯ ಫೋಟೊ. ಅದರಲ್ಲಿ ಆ ಕೈ ಇನ್ನೂ ಬಿಟ್ಟಿಲ್ಲ.

ಬಿಲ್ಲು

ಪ್ರಿಂಟುಗಳ ಜೊತೆ ನೆಗೆಟಿವನ್ನೂ ಖಾಲಾ ಕೈಗೇ ಕೊಟ್ಟೆ. ಸ್ಕ್ಯಾನ್ ಫೈಲುಗಳನ್ನು ಅವರ ಪೆನ್‌ಡ್ರೈವಿಗೆ ಹಾಕಿ ನನ್ನಲ್ಲಿದ್ದದ್ದನ್ನು ಅಳಿಸಿದೆ. ಬಿಲ್ಲಿನಲ್ಲಿ ಹೀಗೆ ಬರೆದಿದ್ದೆ: ಬೆಲೆ ರೂ. 3,070, ರಿಯಾಯಿತಿ ರೂ. 1,570, ಕೊಡಬೇಕಾದದ್ದು ರೂ. 1,500. ಸರ್ವಿಸ್ ಪಾಲು ಬಿಟ್ಟರೂ ಕೈಯಿಂದ 910 ರೂಪಾಯಿ ಹೋಗಿತ್ತು.

ಸಹಪಾಠಿಗಳೇ, ಟ್ಯೂಷನ್ ಹೇಳಿ, ಮೆಹಂದಿ ಹಾಕಿ, ಕೇಕು ಮಾಡಿ ಸಂಪಾದಿಸುವವರು ನಮ್ಮಲ್ಲಿ ಹಲವರಿದ್ದೀರಿ. ಬೆಲೆ ಹೇಳುವ ಮೊದಲು ಒಂದು ರಾತ್ರಿ ಸಮಯ ಕೇಳಿ. ನಿಮ್ಮ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಪರಿಚಯದವರಿಗೆ ಕಡಿಮೆ ಮಾಡಿದರೆ ಪೂರ್ತಿ ಬೆಲೆ ಬರೆದು, ಆಮೇಲೆ ಕಳೆಯಿರಿ. ಇಲ್ಲದಿದ್ದರೆ ರಿಯಾಯಿತಿಯ ಬೆಲೆಯೇ ನಿಮ್ಮ ಬೆಲೆಯಾಗಿ ಉಳಿಯುತ್ತದೆ.

ಮುಂದಿನ ತಿಂಗಳು ಖಾಲಾ ಅವರ ಅಕ್ಕ ಫೋನ್ ಮಾಡಿದರು. ಎಷ್ಟು ಎಂದು ಕೇಳಲಿಲ್ಲ. "ಮೂರು ಸಾವಿರದ ಎಪ್ಪತ್ತು ಅಲ್ಲವಾ ಬೇಟಿ?" ಎಂದರು.