ಎರಡು ದಿನದ ಒಸಾಕಾ: ಏನು ನೋಡಬೇಕು, ಏನು ಬಿಡಬೇಕು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಸಾಕಾ ಬಗ್ಗೆಯೇ ಇವೆ. ಕೆಲಸದ ಮೇಲೆ ಟೋಕಿಯೊಗೆ ಹೋದವರು, ಅಲ್ಲೇ ಓದುತ್ತಿರುವವರು, ಗೆಳೆಯರನ್ನು ಕಟ್ಟಿಕೊಂಡು ಶನಿವಾರ, ಭಾನುವಾರಕ್ಕೆಂದು ಹೊರಟವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ನಾವು ಐದು ಜನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯರು. ಶುಕ್ರವಾರ ರಾತ್ರಿ ಒಸಾಕಾ ಸೇರಿ ಭಾನುವಾರ ರಾತ್ರಿ ವಾಪಸ್ ಹೊರಡಬೇಕು. ಕೋಟೆ, ಯೂನಿವರ್ಸಲ್ ಸ್ಟುಡಿಯೊಸ್, ಅಕ್ವೇರಿಯಂ, ಕ್ಯೋಟೊ, ನಾರಾದ ಜಿಂಕೆಗಳು, ದೊತೊನ್‌ಬೊರಿ ಎಲ್ಲವೂ ಪಟ್ಟಿಯಲ್ಲಿವೆ. ಸಮಯ ಸಾಲುತ್ತದೆಯೇ?
– ಓದುಗರು, ದಾವಣಗೆರೆ

ಸಾಲುವುದಿಲ್ಲ. ಕ್ಯೋಟೊಗೆ ರೈಲಿನಲ್ಲಿ ಅರ್ಧ ಗಂಟೆ, ನಾರಾಗೆ ಮುಕ್ಕಾಲು ಗಂಟೆ ಎಂದು ನಕ್ಷೆ ತೋರಿಸುತ್ತದೆ, ಅದು ನಿಜವೇ. ಆದರೆ ಐದು ಜನ ಹೋಟೆಲಿನಿಂದ ಹೊರಬೀಳುವುದು, ಪ್ಲಾಟ್‌ಫಾರ್ಮ್ ಹುಡುಕುವುದು, ಒಬ್ಬರು ಕಾಫಿಗೆ ನಿಲ್ಲುವುದು ಇವನ್ನೆಲ್ಲ ನಕ್ಷೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿಯನ್ನು ಒಂದೇ ಹಗಲಿನಲ್ಲಿ ಮುಗಿಸುವ ಟೆಂಪೊ ಟ್ರಾವೆಲರ್ ಪ್ರವಾಸದ ಹಾಗೆ ಆಗುತ್ತದೆ: ಕೊನೆಗೆ ನೆನಪಿನಲ್ಲಿ ಉಳಿಯುವುದು ಸೀಟು ಮಾತ್ರ.

ಯೂನಿವರ್ಸಲ್ ಸ್ಟುಡಿಯೊಸ್‌ಗೇ ಒಂದು ಪೂರ್ತಿ ದಿನ ಬೇಕು, ಅದರಲ್ಲೂ ಶನಿವಾರ, ಭಾನುವಾರದ ಸಾಲುಗಳು ಉದ್ದ. ಅದು ಬೇಕೇ ಬೇಕೆಂದರೆ ಉಳಿದದ್ದನ್ನು ಅರ್ಧಕ್ಕೆ ಇಳಿಸಿ. ನನ್ನ ಸಲಹೆ ಕೇಳುವುದಾದರೆ ಕ್ಯೋಟೊ, ನಾರಾ ಎರಡನ್ನೂ ಕೈಬಿಡಿ. ಅವು ಬೇರೆಯೇ ಊರುಗಳು, ಬೇರೆಯೇ ಪ್ರವಾಸ ಕೇಳುತ್ತವೆ.

ಶನಿವಾರ ಬೆಳಿಗ್ಗೆ ಕೋಟೆ, ಮಧ್ಯಾಹ್ನ ನದಿಗಳ ನಡುವಿನ ನಾಕಾನೊಶಿಮಾ ದ್ವೀಪ, ಸಂಜೆ ದೊತೊನ್‌ಬೊರಿ. ಭಾನುವಾರ ಶಿತೆನ್ನೋಜಿ ದೇವಾಲಯ, ಅಲ್ಲಿಂದ ನಡೆದೇ ಶಿನ್‌ಸೆಕಾಯ್ ಬಡಾವಣೆ ಮತ್ತು ಅದರ ಮಧ್ಯೆ ನಿಂತಿರುವ ತ್ಸೂತೆನ್‌ಕಾಕು ಗೋಪುರ. ಇಷ್ಟು ಸಾಕು. ಇದರಲ್ಲೇ ಕೂರಲು, ತಿನ್ನಲು, ಹಳೆಯ ಹಾಸ್ಟೆಲ್ ಕಥೆ ಹೇಳಿಕೊಳ್ಳಲು ಸಮಯ ಸಿಗುತ್ತದೆ. ಗೆಳೆಯರು ಸೇರಿ ಹೋಗುವುದು ಅದಕ್ಕೇ ತಾನೇ?

ಒಸಾಕಾ ಕೋಟೆ ಹಳೆಯದಲ್ಲ, ಸಿಮೆಂಟಿನದು, ಒಳಗೆ ಲಿಫ್ಟ್ ಕೂಡ ಇದೆ ಎಂದು ಗೆಳತಿ ಹೇಳಿದಳು. ಹಾಗಿದ್ದರೆ ಅದನ್ನು ನೋಡುವುದರಲ್ಲಿ ಏನು ಅರ್ಥ?
– ಓದುಗರು, ಮೈಸೂರು

ನಿಮ್ಮ ಗೆಳತಿ ಹೇಳಿದ್ದು ಸರಿ. ಆದರೂ ಹೋಗಿ.

ತೊಯೊತೊಮಿ ಹಿದೆಯೊಶಿ 1583ರಲ್ಲಿ ಶುರು ಮಾಡಿದ ಕೋಟೆ 1615ರ ಮುತ್ತಿಗೆಯಲ್ಲಿ ಸುಟ್ಟುಹೋಯಿತು. ಗೆದ್ದ ತೊಕುಗಾವಾ ವಂಶದವರು ಅದರ ಮೇಲೆ ಮಣ್ಣು ಸುರಿದು ತಮ್ಮದೇ ಕೋಟೆ ಎಬ್ಬಿಸಿದರು. ಅವರ ಗೋಪುರಕ್ಕೆ 1665ರಲ್ಲಿ ಸಿಡಿಲು ಬಡಿಯಿತು. ಆಮೇಲೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಗೋಪುರವೇ ಇರಲಿಲ್ಲ. ಈಗ ಕಾಣುವುದು 1931ರದ್ದು. ಊರಿನ ಜನ ಚಂದಾ ಎತ್ತಿ ಕಟ್ಟಿಸಿದ್ದು. ಸೇರಿದ 15 ಲಕ್ಷ ಯೆನ್‌ನಲ್ಲಿ ಗೋಪುರಕ್ಕೆ ಹೋದದ್ದು ಸುಮಾರು ಮೂರನೇ ಒಂದು ಭಾಗ ಮಾತ್ರ. ಜಾಗ ಸೇನೆಯ ಕೈಯಲ್ಲಿತ್ತು, ಅದಕ್ಕಾಗಿ ಸೇನೆಗೊಂದು ದೊಡ್ಡ ಕಟ್ಟಡವನ್ನೂ ಕಟ್ಟಿಕೊಡಬೇಕಾಯಿತು. ಆ ಕಟ್ಟಡವೂ ಪಕ್ಕದಲ್ಲೇ ಇದೆ, ನೋಡಿ. ಈಗ ಅದರಲ್ಲಿ ಊಟದ ಅಂಗಡಿಗಳಿವೆ.

ನಿಜವಾಗಿ ಹಳೆಯದು ಗೋಡೆಗಳು. ಸಕುರಾ ಬಾಗಿಲು ದಾಟಿದ ಕೂಡಲೇ ಎದುರಿಗಿರುವ ‘ತಾಕೊ ಇಶಿ’ ಎಂಬ ಒಂದೇ ಕಲ್ಲು 100 ಟನ್ನಿಗೂ ಹೆಚ್ಚು ತೂಗುತ್ತದೆ. ಈಗಿನ ಒಕಯಾಮಾ ಕಡೆಯಿಂದ ಸಮುದ್ರದ ಮೇಲೆ ತಂದದ್ದು. ಗೋಡೆಗಳ ಸಣ್ಣ ಕಲ್ಲುಗಳ ಹತ್ತಿರ ಹೋಗಿ ನಿಂತರೆ ವೃತ್ತ, ಅಡ್ಡಗೆರೆ, ಬಾಣದಂಥ ಗುರುತುಗಳು ಕಾಣುತ್ತವೆ. ಕಲ್ಲು ಒದಗಿಸಬೇಕಾಗಿದ್ದ ಸಾಮಂತರು ತಮ್ಮ ತಮ್ಮ ಕಲ್ಲಿಗೆ ಕೊರೆಸಿದ ಗುರುತುಗಳಿವು. ಲಿಫ್ಟಿನ ಸಾಲಿನಲ್ಲಿ ನಿಲ್ಲುವ ಹೊತ್ತನ್ನು ಈ ಗುರುತು ಹುಡುಕುವುದಕ್ಕೆ ಕೊಟ್ಟರೆ ನಷ್ಟವಿಲ್ಲ.

ಚಂದಾ ಹಣದ ಮಾತು ಬಂತಲ್ಲ, ಒಸಾಕಾ ಅರ್ಥವಾಗುವುದು ಅಲ್ಲಿಂದಲೇ. ಇದು ವ್ಯಾಪಾರಿಗಳ ಊರು. ದೊತೊನ್‌ಬೊರಿ ಕಾಲುವೆಯನ್ನು 1612ರಲ್ಲಿ ತೋಡಲು ಹೊರಟವನು ಇದೇ ಊರಿನ ದೋತೊನ್ ಎಂಬವನು, ಸ್ವಂತ ದುಡ್ಡು ಹಾಕಿದವನು. ನಾಕಾನೊಶಿಮಾದ ಕೆಂಪು ಇಟ್ಟಿಗೆಯ ಸಾರ್ವಜನಿಕ ಸಭಾಭವನ ಕಟ್ಟಲು 1911ರಲ್ಲಿ 10 ಲಕ್ಷ ಯೆನ್ ಕೊಟ್ಟವನು ಇವಾಮೊತೊ ಎಯ್ನೊಸುಕೆ ಎಂಬ ಷೇರು ದಲ್ಲಾಳಿ. ಆಮೇಲೆ ಮಾರುಕಟ್ಟೆ ಅವನ ಕೈ ಸುಟ್ಟಿತು. ಕೊಟ್ಟ ಹಣವನ್ನು ವಾಪಸ್ ಕೇಳು ಎಂದರೂ ಕೇಳಲಿಲ್ಲ. 1916ರಲ್ಲಿ ಪ್ರಾಣ ಕಳೆದುಕೊಂಡ. ಭವನ ಮುಗಿದದ್ದು 1918ರಲ್ಲಿ. ಕೋಟೆಯಿಂದ ನೇರವಾಗಿ ಅಲ್ಲಿಗೆ ಹೋಗಿ ಎಂದು ಮೇಲಿನ ದಾವಣಗೆರೆಯವರಿಗೆ ಹೇಳಿದ್ದು ಇದೇ ಕಾರಣಕ್ಕೆ. ಬಹಳಷ್ಟು ಪ್ರವಾಸಿಗಳು ಈ ದ್ವೀಪವನ್ನು ರೈಲಿನಲ್ಲಿ ಕೆಳಗಿನಿಂದಲೇ ದಾಟಿಬಿಡುತ್ತಾರೆ.

ನಮ್ಮ ಗುಂಪಿನಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು, ಅವರಲ್ಲಿ ಒಬ್ಬಳು ಜೈನಳು. ಉಳಿದವರು ಏನಾದರೂ ತಿನ್ನುತ್ತಾರೆ. ಹೇಗೆ ನಿಭಾಯಿಸುವುದು?
– ಓದುಗರು, ಹುಬ್ಬಳ್ಳಿ

ಕಷ್ಟ ಇರುವುದು ಮಾಂಸದಲ್ಲಿ ಅಲ್ಲ, ಸಾರಿನಲ್ಲಿ. ಜಪಾನಿನ ಅಡುಗೆಗೆ ತಳಪಾಯವಾದ ‘ದಾಶಿ’ಯನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿ ಮತ್ತು ಒಣಮೀನಿನ ಚಕ್ಕೆಯಿಂದ ತೆಗೆಯುತ್ತಾರೆ. ಉದೋನ್ ನೂಡಲ್ಸಿನ ತಿಳಿಸಾರು, ಬೇಯಿಸಿದ ತರಕಾರಿ, ಮೇಲೆ ಹುರಿದ ತೋಫು ಮಾತ್ರ ಕಾಣುವ ಬಟ್ಟಲು, ಎಲ್ಲದರಲ್ಲೂ ಅದು ಇರುತ್ತದೆ. ‘ಮಾಂಸ ಬೇಡ’ ಎಂದರೆ ಅಂಗಡಿಯವರು ನಗುನಗುತ್ತಾ ಮಾಂಸ ತೆಗೆದು ಮೀನಿನ ಸಾರು ಕೊಡುತ್ತಾರೆ. ಅವರ ಲೆಕ್ಕದಲ್ಲಿ ಮೋಸವೇನೂ ಇಲ್ಲ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳಿ. ಜೈನ ಗೆಳತಿಯ ಚೀಟಿಗೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳನ್ನೂ ಸೇರಿಸಿ. ಪೊಟ್ಟಣದ ತಿಂಡಿಗಳ ಮೇಲಿನ ಅಲರ್ಜಿ ಪಟ್ಟಿಯನ್ನಷ್ಟೇ ನಂಬಬೇಡಿ. ಹಾಲು, ಮೊಟ್ಟೆ, ಗೋಧಿಯನ್ನು ಅದರಲ್ಲಿ ಹೇಳಿಯೇ ಹೇಳುತ್ತಾರೆ, ಒಣಮೀನಿನ ಸಾರವನ್ನು ಹೇಳಬೇಕೆಂದಿಲ್ಲ. ಫೋನಿನಲ್ಲಿ ಪೂರ್ತಿ ಪದಾರ್ಥಗಳ ಪಟ್ಟಿಯನ್ನೇ ಅನುವಾದಿಸಿ ಓದಿ.

ಒಸಾಕಾದ ಹೆಸರಾಂತ ತಿನಿಸುಗಳಲ್ಲಿ ತಾಕೊಯಾಕಿ ಎಂದರೆ ಆಕ್ಟೋಪಸ್ ತುಂಡು ಹಾಕಿ ಗುಳಿ ಹೆಂಚಿನಲ್ಲಿ ಬೇಯಿಸಿದ ಉಂಡೆ. ಒಕೊನೊಮಿಯಾಕಿಯ ಹಿಟ್ಟಿನಲ್ಲಿ ಎಲೆಕೋಸಿನ ಜತೆ ಮೊಟ್ಟೆ, ದಾಶಿ ಎರಡೂ ಇರುತ್ತವೆ. ಕುಶಿಕಾತ್ಸು ಅಂಗಡಿಯಲ್ಲಿ ತಾವರೆ ಬೇರು, ಈರುಳ್ಳಿಯನ್ನು ಕಡ್ಡಿಗೆ ಚುಚ್ಚಿ ಕರಿದು ಕೊಡುತ್ತಾರೆ, ಆದರೆ ಎಣ್ಣೆ ಎಲ್ಲಕ್ಕೂ ಒಂದೇ. ತಿನ್ನುವ ಗೆಳೆಯರಿಗೂ ಒಂದು ಮಾತು: ಎಲ್ಲರಿಗೂ ಸೇರಿದ ಸಾಸ್ ಡಬ್ಬಿ ಇಟ್ಟಿದ್ದರೆ ಅದರಲ್ಲಿ ಒಮ್ಮೆ ಮಾತ್ರ ಅದ್ದಬೇಕು, ಕಚ್ಚಿದ ಮೇಲೆ ಅದ್ದುವಂತಿಲ್ಲ. ಎಂಜಲು ಎನ್ನುವುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆ ಇಬ್ಬರು ಉಪವಾಸವೇ? ಇಲ್ಲ. ಉಮೆದಾ, ನಂಬಾ ಸುತ್ತಮುತ್ತ ಭಾರತೀಯ ಊಟದ ಮನೆಗಳು ಸಿಗುತ್ತವೆ, ಸಸ್ಯಾಹಾರವನ್ನೇ ಮಾಡುವ ಜಪಾನಿ ಅಂಗಡಿಗಳೂ ಹೆಚ್ಚುತ್ತಿವೆ. ಮೊದಲೇ ಎರಡು ಅಂಗಡಿ ಗುರುತು ಹಾಕಿಕೊಂಡು, ಎಲ್ಲರೂ ಕೂತು ಉಣ್ಣುವ ಊಟವನ್ನು ಅಲ್ಲಿ ಮಾಡಿ. ಉಳಿದವರು ತಾಕೊಯಾಕಿಯನ್ನು ಬೀದಿಯಲ್ಲಿ ತಿನ್ನಲಿ. ಸಮಯವಿದ್ದರೆ ರೈಲಿನಲ್ಲಿ ಅರ್ಧ ಗಂಟೆ ದೂರದ ಕೋಬೆಗೆ ಹೋಗಬಹುದು. ಅಲ್ಲಿ ಭಾರತೀಯ ವರ್ತಕರು ತಲೆಮಾರುಗಳಿಂದ ನೆಲೆಸಿದ್ದಾರೆ. ಕಿತಾನೊ ಬಡಾವಣೆಯಲ್ಲಿ 1985ರಲ್ಲಿ ಕಟ್ಟಿದ ಜೈನ ಬಸದಿಯೂ ಇದೆ.

ನಾವು ನಿವೃತ್ತ ಶಿಕ್ಷಕಿಯರು, ನಾಲ್ವರು ಗೆಳತಿಯರು. ನಮ್ಮ ದೇವರಿಗೆ ಹತ್ತಿರವಾದದ್ದು ಏನಾದರೂ ಅಲ್ಲಿ ನೋಡಲು ಸಿಗುತ್ತದೆಯೇ?
– ಓದುಗರು, ಹೊಸಪೇಟೆ

ಹೊಸಪೇಟೆಯಿಂದ ಈ ಪ್ರಶ್ನೆ ಬಂದದ್ದು ಸೊಗಸಾಯಿತು. ರಾಜಕುಮಾರ ಶೋತೊಕು 593ರಲ್ಲಿ ಕಟ್ಟಿಸಿದನೆನ್ನುವ ಶಿತೆನ್ನೋಜಿ ನಾಲ್ಕು ದಿಕ್ಪಾಲಕರ ದೇವಾಲಯ. ಅವರ ಸಂಸ್ಕೃತ ಹೆಸರುಗಳು ಧೃತರಾಷ್ಟ್ರ, ವಿರೂಢಕ, ವೈಶ್ರವಣ ಮತ್ತು ವಿರೂಪಾಕ್ಷ. ಪಶ್ಚಿಮ ದಿಕ್ಕು ವಿರೂಪಾಕ್ಷನದು. ಹಂಪಿಯ ವಿರೂಪಾಕ್ಷ ಶಿವ, ಇವನು ಬೌದ್ಧ ಧರ್ಮದ ಕಾವಲುಗಾರ; ಇಬ್ಬರೂ ಒಂದೇ ಎಂದು ಕೈಮುಗಿಯಬೇಕಾಗಿಲ್ಲ, ಹೆಸರು ಕೇಳಿ ಖುಷಿಪಡಬಹುದು. ಕಟ್ಟಡಗಳು ಮತ್ತೆ ಮತ್ತೆ ಸುಟ್ಟು ಮತ್ತೆ ಮತ್ತೆ ಎದ್ದಂಥವು. ಇದನ್ನು ಮೊದಲು ಕಟ್ಟಲು ಬಂದ ಬಡಗಿ ಮನೆತನದ ಕೊಂಗೊ ಗುಮಿ ಸಂಸ್ಥೆ ಶುರುವಾದದ್ದು 578ರಲ್ಲಿ ಎನ್ನುತ್ತಾರೆ, ಇವತ್ತಿಗೂ ಅದು ದೇವಾಲಯ ಕಟ್ಟುವ ಕೆಲಸದಲ್ಲೇ ಇದೆ. ಪ್ರತಿ ತಿಂಗಳ 21, 22ರಂದು ಆವರಣದಲ್ಲಿ ಸಂತೆ ನೆರೆಯುತ್ತದೆ: ಹಳೆಯ ಕಿಮೊನೊ, ಪಿಂಗಾಣಿ, ತಿಂಡಿ. ನಿಮ್ಮ ದಿನ ಅದಕ್ಕೆ ಹೊಂದಿದರೆ ಬಿಡಬೇಡಿ.

ಗಣಪತಿಯೂ ಇದ್ದಾನೆ. ಕಿಂತೆತ್ಸು ರೈಲಿನಲ್ಲಿ ನಂಬಾದಿಂದ ಸುಮಾರು 20 ನಿಮಿಷದಲ್ಲಿ ಇಕೊಮಾ ತಲುಪಿ, ಅಲ್ಲಿಂದ ಬೆಟ್ಟಕ್ಕೆ ಕೇಬಲ್ ರೈಲು ಹತ್ತಿದರೆ ಹೋಜಾನ್‌ಜಿ ದೇವಾಲಯ. 1918ರಿಂದ ಓಡುತ್ತಿರುವ ಈ ಕೇಬಲ್ ಮಾರ್ಗ ಜಪಾನಿನಲ್ಲೇ ಮೊದಲನೆಯದು. ಬೋಗಿಗಳಿಗೆ ಈಗ ನಾಯಿ, ಬೆಕ್ಕಿನ ಮುಖ ಮಾಡಿದ್ದಾರೆ, ಗಂಭೀರವಾಗಿ ಕೂರುವುದು ಕಷ್ಟ. ಇಲ್ಲಿ ಗಣೇಶ ‘ಕಾಂಗಿತೆನ್’ ಅಥವಾ ‘ಶೋತೆನ್’. ಒಸಾಕಾದ ವ್ಯಾಪಾರಿಗಳು ವ್ಯವಹಾರ ಕುದುರಲೆಂದು ಹರಕೆ ಹೊರುವುದು ಇವನಿಗೇ. ವಿಗ್ರಹ ಮಾತ್ರ ಗುಪ್ತ, ದರ್ಶನಕ್ಕೆ ತೆರೆಯುವುದಿಲ್ಲ. ಆವರಣದಲ್ಲಿ ಅವನ ಗುರುತಾದ ಹಣದ ಚೀಲವನ್ನು ಹುಡುಕಿ ನೋಡಿ. ಮೆಟ್ಟಿಲು ಬಹಳ, ಮಂಡಿನೋವಿದ್ದವರು ನಿಧಾನವಾಗಿ ಹತ್ತಿ.

ದೊತೊನ್‌ಬೊರಿಯಲ್ಲಿ ಜನ ಸೇತುವೆಯಿಂದ ಕಾಲುವೆಗೆ ಹಾರುವ ವಿಡಿಯೊ ನೋಡಿದೆವು. ನಮ್ಮ ಗುಂಪಿನಲ್ಲೊಬ್ಬ ತಾನೂ ಹಾರುತ್ತೇನೆ ಎನ್ನುತ್ತಿದ್ದಾನೆ!
– ಓದುಗರು, ಮಂಗಳೂರು

ಅವನ ಪಾಸ್‌ಪೋರ್ಟ್ ನೀವು ಇಟ್ಟುಕೊಳ್ಳಿ. ನೀರು ಕೊಳಕು, ಹಾರಿ ಸತ್ತವರೂ ಇದ್ದಾರೆ, ದೊಡ್ಡ ಪಂದ್ಯಗಳ ರಾತ್ರಿ ಪೊಲೀಸರು ಸೇತುವೆಯ ಮೇಲೇ ನಿಲ್ಲುತ್ತಾರೆ.

ಈ ಹುಚ್ಚು ಹೆಸರಾದದ್ದು 1985ರಲ್ಲಿ, ಹಾನ್‌ಶಿನ್ ಟೈಗರ್ಸ್ ಬೇಸ್‌ಬಾಲ್ ತಂಡ ಗೆದ್ದಾಗ. ಒಬ್ಬೊಬ್ಬ ಆಟಗಾರನ ಹೆಸರು ಕೂಗುವುದು, ಅವನಂತೆ ಕಾಣುವ ಅಭಿಮಾನಿ ಕಾಲುವೆಗೆ ಹಾರುವುದು. ಗಡ್ಡದ ಅಮೆರಿಕನ್ ಆಟಗಾರ ರ‍್ಯಾಂಡಿ ಬಾಸ್‌ನನ್ನು ಹೋಲುವವರು ಸಿಗದೆ, ಹತ್ತಿರದ ಕೋಳಿ ಅಂಗಡಿಯ ಮುಂದಿದ್ದ ಕರ್ನಲ್ ಸ್ಯಾಂಡರ್ಸ್ ಗೊಂಬೆಯನ್ನೇ ಎತ್ತಿ ಎಸೆದರು. ಗೊಂಬೆ ಕೆಸರಿನಿಂದ ಎದ್ದು ಬಂದದ್ದು 2009ರಲ್ಲಿ. ತಂಡ ಮತ್ತೆ ಜಪಾನ್ ಸರಣಿ ಗೆದ್ದದ್ದು 2023ರಲ್ಲಿ. ನಡುವಿನ ಸೋಲುಗಳಿಗೆಲ್ಲ ಕರ್ನಲನ ಶಾಪವೇ ಕಾರಣ ಎಂದು ಊರು ನಂಬಿತ್ತು. ನೀವು ಸೇತುವೆಯ ಮೇಲೆ ಗ್ಲಿಕೊ ಜಾಹೀರಾತು ಫಲಕದ ಓಟಗಾರನಂತೆ ಕೈ ಎತ್ತಿ ಫೋಟೊ ತೆಗೆಸಿಕೊಳ್ಳಿ, ಆಮೇಲೆ ಹಿಂದಿನ ಗಲ್ಲಿಯ ದೇವಾಲಯ ಹೋಜೆನ್‌ಜಿಗೆ ಹೋಗಿ. ಭಕ್ತರು ನೀರೆರೆದು ಎರೆದು ಅಲ್ಲಿನ ಕಲ್ಲಿನ ಮೂರ್ತಿಯ ಮೇಲೆ ಅಡಿಯಿಂದ ಮುಡಿಯವರೆಗೆ ಹಸಿರು ಪಾಚಿ ಕಟ್ಟಿದೆ.

ಒಬ್ಬನಿಗೆ ಶಾಪಿಂಗ್, ಒಬ್ಬಳಿಗೆ ಅನಿಮೆ, ನನಗೆ ಮ್ಯೂಸಿಯಂ. ಜಗಳವಾಗದಂತೆ ಮಾಡುವುದು ಹೇಗೆ? ದೊಡ್ಡ ಸೂಟ್‌ಕೇಸ್‌ಗಳೂ ಇವೆ.
– ಓದುಗರು, ಬೆಂಗಳೂರು

ಮಧ್ಯಾಹ್ನ ಬೇರೆ ಬೇರೆಯಾಗಿ, ರಾತ್ರಿ ಊಟಕ್ಕೆ ಸೇರಿ. ಅನಿಮೆಯವಳು ನಿಪ್ಪೊಂಬಾಶಿಗೆ, ನೀವು ಮ್ಯೂಸಿಯಂಗೆ, ಶಾಪಿಂಗಿನವನು ಶಿನ್‌ಸಾಯ್‌ಬಾಶಿಗೆ. ಆದರೆ ‘ನಂಬಾ ಸ್ಟೇಷನ್ನಿನಲ್ಲಿ ಸಿಗೋಣ’ ಎನ್ನಬೇಡಿ. ನಂಬಾ ಎಂಬ ಹೆಸರಿನಲ್ಲಿ ಬೇರೆ ಬೇರೆ ಕಂಪನಿಗಳ ನಿಲ್ದಾಣಗಳು ನೆಲದಡಿಯಲ್ಲಿ ಹೆಣೆದುಕೊಂಡಿವೆ. ಕಂಪನಿ ಯಾವುದು, ಎಷ್ಟನೇ ದ್ವಾರ ಎಂಬುದನ್ನು ಹೇಳಿ. ಎಸ್ಕಲೇಟರಿನಲ್ಲಿ ಟೋಕಿಯೊದವರು ಎಡಕ್ಕೆ ನಿಂತರೆ ಇಲ್ಲಿ ಬಲಕ್ಕೆ. ರಾತ್ರಿ ಹನ್ನೆರಡರ ಸುಮಾರಿಗೆ ರೈಲು ನಿಂತರೆ ಬೆಳಗಿನ ಐದರವರೆಗೆ ಟ್ಯಾಕ್ಸಿಯೇ ಗತಿ.

ಸೂಟ್‌ಕೇಸಿಗೆ ಟೇಪ್ ಹಿಡಿಯಿರಿ. ಉದ್ದ, ಅಗಲ, ಎತ್ತರ ಕೂಡಿಸಿದರೆ 160 ಸೆಂ.ಮೀ. ದಾಟುವುದಾದರೆ ಟೋಕಿಯೊ–ಒಸಾಕಾ ಶಿಂಕಾನ್‌ಸೆನ್‌ನಲ್ಲಿ ಸಾಮಾನಿಗೆ ಜಾಗವಿರುವ ಸೀಟನ್ನು ಮೊದಲೇ ಕಾದಿರಿಸಬೇಕು. ಅದಕ್ಕೆ ಬೇರೆ ದುಡ್ಡಿಲ್ಲ. ಕಾದಿರಿಸದೆ ಹತ್ತಿದರೆ 1,000 ಯೆನ್ ಶುಲ್ಕ. ಇನ್ನೂ ಸುಲಭದ ದಾರಿ ‘ತಕ್ಯೂಬಿನ್’ ಎಂಬ ಸಾಮಾನು ಸಾಗಿಸುವ ಸೇವೆ: ಟೋಕಿಯೊದ ಹೋಟೆಲಿನಲ್ಲಿ ಹಿಂದಿನ ದಿನವೇ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಒಸಾಕಾದ ಹೋಟೆಲಿಗೆ ಬಂದಿರುತ್ತದೆ. ಬೆನ್ನಿಗೊಂದು ಚೀಲ ಹಾಕಿಕೊಂಡು ನೀವು ಹೊರಡಿ.